ದಸರೆಯ ಹಿಂದಿನ ದಿನದ ಲೋಕಲ್

ಮುಲುಂಡಿನಲ್ಲಿ ನಾವಿದ್ದ ಆ ದಿನಗಳಲ್ಲಿ ಮಳೆಗಾಲ ಮುಗಿಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅಪ್ಪ ತಮ್ಮ ಉದ್ದ ಕೋಲಿನ ಕಪ್ಪು ಛತ್ರಿಯನ್ನು ಬಾಲ್ಕನಿಯಲ್ಲಿ ಬಿಚ್ಚಿ ಒಣಗಿಸಿ, ಕಡ್ಡಿಗಳಿಗೆ ಒಂದೊಂದು ಹನಿ ತೆಂಗಿನೆಣ್ಣೆ ಸವರಿ, ಹಳೆಯ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಡುತ್ತಿದ್ದರು. ಅವತ್ತಿಗೆ ಮಳೆಗಾಲ ಮುಗಿದಂತೆ. ಬಿಲ್ಡಿಂಗಿನ ಟೆರೇಸಿನ ಮೇಲೆ ಎಲ್ಲರ ಮನೆಯ ಹಾಸಿಗೆ ದಿಂಬುಗಳು ಬಿಸಿಲು ಕಾಯಲು ಬರುತ್ತಿದ್ದವು. ನಾಲ್ಕು ತಿಂಗಳ ಮುಗ್ಗಲು ವಾಸನೆ, ಅದರ ಮೇಲೆ ನುಸಿಗುಳಿಗೆಯ ವಾಸನೆ, ಕೆಳಗಿನ ಮನೆಯ ಗುಜರಾತಿಗಳು ಹುರಿಯುತ್ತಿದ್ದ ಕಡಲೆಹಿಟ್ಟಿನ ವಾಸನೆ. ಇವೆಲ್ಲ ಬೆರೆತರೆ ನನಗೆ ಇವತ್ತಿಗೂ ಅಕ್ಟೋಬರ್.

ಬಿಸಿಲೇನೋ ಸುಡುತ್ತಿತ್ತು. ಆದರೆ ಹೊರಗೆ ಹೋಗುವುದಕ್ಕೆ ಅದೇ ಕಾಲ. ಸ್ಟೇಷನ್ ರಸ್ತೆಯ ತುಂಬ ಕನ್ನಡಿ ಹೊಲಿದ ಘಾಗ್ರಾಗಳು ತೂಗುತ್ತಿದ್ದವು. ನವರಾತ್ರಿಯ ಒಂಬತ್ತು ದಿನ ಹೆಂಗಸರೆಲ್ಲ ದಿನಕ್ಕೊಂದು ಬಣ್ಣದ ಸೀರೆ ಉಟ್ಟು ಆಫೀಸಿಗೆ ಹೋಗುತ್ತಿದ್ದರು. ಒಂದು ದಿನ ಪ್ಲಾಟ್‌ಫಾರ್ಮಿನ ಅರ್ಧವೆಲ್ಲ ಹಸಿರು, ಮರುದಿನ ಅದೇ ಜಾಗ ಕೆಂಪು. ಅಮ್ಮ ಮೈಸೂರಿನಿಂದ ತಂದ ಪಟ್ಟದ ಗೊಂಬೆಗಳನ್ನು ಟ್ರಂಕಿನ ಮೇಲೆ ಟ್ರಂಕು ಇಟ್ಟು ಮಾಡಿದ ಮೂರು ಮೆಟ್ಟಿಲ ಮೇಲೆ ಕೂರಿಸುತ್ತಿದ್ದಳು. ಒಂದೇ ಕೋಣೆಯ ಮನೆ. ಗೊಂಬೆ ಕೂತರೆ ನಾವು ಮಲಗಲು ಗೋಡೆಗೆ ಅಂಟಿಕೊಳ್ಳಬೇಕಾಗುತ್ತಿತ್ತು.

ಆದರೆ ನಾನು ವರ್ಷವಿಡೀ ಕಾಯುತ್ತಿದ್ದದ್ದು ಭಾನುವಾರಗಳಿಗೆ. ಆ ಕಾಲದಲ್ಲಿ ಬಸಣ್ಣ ಕಾಕಾ ಮತ್ತು ಅವರ ಮನೆಯವರ ಜೊತೆ ನಾವು ಒಂದೊಂದು ಭಾನುವಾರ ಒಂದೊಂದು ಕಡೆ ಹೋಗುತ್ತಿದ್ದೆವು.

ಬಸಣ್ಣ ಕಾಕಾ ನಮಗೆ ಬಂಧುವಲ್ಲ, ನಮ್ಮ ಊರಿನವರೂ ಅಲ್ಲ. ಬಾಗಲಕೋಟೆ ಕಡೆಯವರು. ಫೋರ್ಟಿನ ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟು, ನೀರಿನ ಪಂಪು, ವೈರಿಂಗು ಎಲ್ಲ ನೋಡಿಕೊಳ್ಳುವ ಕೆಲಸ. ಅಪ್ಪ ಅದೇ ಫೋರ್ಟಿನಲ್ಲಿ ಒಂದು ಖಾಸಗಿ ಕಂಪನಿಯಲ್ಲಿ ಗುಮಾಸ್ತರು. ಇಬ್ಬರಿಗೂ ಪರಿಚಯವಾದದ್ದು ಬೆಳಗಿನ ಲೋಕಲಿನಲ್ಲಿ. ನೂಕುನುಗ್ಗಲಲ್ಲಿ ಯಾರೋ ಅಪ್ಪನ ಕಾಲು ತುಳಿದರಂತೆ. ಅಪ್ಪ ತಮ್ಮಷ್ಟಕ್ಕೆ "ಅಯ್ಯೋ, ಕಾಲು ಕಣಯ್ಯಾ" ಅಂದರಂತೆ. ಸೀಟಿನಿಂದ ಒಂದು ದನಿ, "ಕನ್ನಡದವರೇನ್ರಿ? ಬರ್ರಿ ಬರ್ರಿ, ಹಿಂಗ್ ಕೂಡ್ರಿ" ಎಂದು ಎದ್ದು ಜಾಗ ಬಿಟ್ಟಿತಂತೆ. ಅಂದಿನಿಂದ ಆರು ವರ್ಷ ಅಪ್ಪ ಆ ಗಾಡಿಯಲ್ಲಿ ನಿಂತು ಹೋಗಲಿಲ್ಲ. ಬಸಣ್ಣ ಕಾಕಾ ದಿನಾ ಬೆಳಿಗ್ಗೆ ಮುಲುಂಡಿನಿಂದ ಉಲ್ಟಾ ಠಾಣೆಗೆ ಹೋಗಿ, ಅಲ್ಲಿ ಖಾಲಿ ಗಾಡಿ ಹತ್ತಿ, ಅಪ್ಪನಿಗೆ ಪಕ್ಕದ ಜಾಗ ಹಿಡಿದಿಟ್ಟುಕೊಂಡು ಬರುತ್ತಿದ್ದರು.

ಅವರು ಅಪ್ಪನನ್ನು "ಸಾಹೇಬ್ರ" ಅನ್ನುತ್ತಿದ್ದರು. ಅಪ್ಪನಿಗೆ ಸಂಕೋಚ. "ನಾನೆಂಥಾ ಸಾಹೇಬ ಬಸಣ್ಣ, ನಿಮ್ಮ ಹಾಗೇ ಡಬ್ಬಿ ಹಿಡ್ಕೊಂಡು ಹೋಗೋನು" ಅನ್ನುತ್ತಿದ್ದರು. "ಇರ್ಲಿ ಬಿಡ್ರಿ, ನನಗೂ ಒಬ್ಬ ಸಾಹೇಬ ಬೇಕಲ್ಲ" ಎಂದು ಕಾಕಾ ಜೋರಾಗಿ ನಗುತ್ತಿದ್ದರು. ಎತ್ತರದ ಆಳು. ದಪ್ಪ ಮೀಸೆ. ನನ್ನನ್ನು ಮಾತ್ರ ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಅವ್ವಿ" ಅನ್ನುತ್ತಿದ್ದರು. ಅವರ ಹೆಂಡತಿ ಶಾಂತಕ್ಕ. ಮಗಳು ಮಾದೇವಿ ನನ್ನದೇ ವಯಸ್ಸು, ಒಂಬತ್ತು. ಸ್ಟೇಷನ್ನಿನ ಆಚೆ ಬದಿ, ಒಂದೊಂದು ಕೋಣೆಯ ಮನೆಗಳ ಸಾಲಾದ ಚಾಳಿನಲ್ಲಿ ಅವರ ಮನೆ.

ಆ ವರ್ಷ ನವರಾತ್ರಿಗೆ ಮೊದಲಿನ ಭಾನುವಾರ ನಾವೆಲ್ಲ ಕಾನ್ಹೇರಿ ಗುಹೆಗಳಿಗೆ ಹೋದೆವು. ಬಸ್ಸಿನಲ್ಲಿ ಬೋರಿವಲಿ, ಅಲ್ಲಿಂದ ಪಾರ್ಕಿನೊಳಗೆ ನಡಿಗೆ. ಮಳೆ ತೊಳೆದ ಕಾಡು. ದಾರಿಯ ಎರಡೂ ಕಡೆ ಹುಲ್ಲು ನಮ್ಮ ತಲೆಗಿಂತ ಎತ್ತರ. ತೊರೆಯಲ್ಲಿ ಇನ್ನೂ ನೀರು. ಮಾದೇವಿ ಮತ್ತು ನಾನು ಚಪ್ಪಲಿ ಕೈಲಿ ಹಿಡಿದು ನೀರಲ್ಲೇ ನಡೆದೆವು. ಮೇಲೆ ಹತ್ತಿ ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಅಮ್ಮನ ಪುಳಿಯೋಗರೆ, ಮೊಸರನ್ನ. ಶಾಂತಕ್ಕನ ಕಟಕ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅಪ್ಪ ರೊಟ್ಟಿಯನ್ನು ಪಟಪಟ ಮುರಿದು ತಿನ್ನುತ್ತಿದ್ದರೆ ಕಾಕಾ ಮೊಸರನ್ನಕ್ಕೆ ಮುಗಿಬಿದ್ದಿದ್ದರು. ಒಂದು ಕೋತಿ ಬಂದು ಅಮ್ಮನ ಕೈಯಿಂದ ಬಾಳೆಹಣ್ಣಿನ ಚಿಪ್ಪನ್ನೇ ಕಿತ್ತುಕೊಂಡು ಹೋಯಿತು. ಅಮ್ಮ ಕಿರುಚಿದ ರೀತಿಗೆ ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು.

ಊಟ ಆದಮೇಲೆ ಶಾಂತಕ್ಕ ಅಪ್ಪನನ್ನು ಕೇಳಿದಳು. "ಅಣ್ಣಾರ, ಖರೇ ಹೇಳ್ರಿ. ಇವರು ಗಾಡ್ಯಾಗ ಬಾಗಲಾಗ ನಿಂದರತಾರೋ ಇಲ್ಲೋ?"

ಆ ಮಳೆಗಾಲದಲ್ಲಿ ಅವರ ಚಾಳಿನ ಹುಡುಗನೊಬ್ಬ ಲೋಕಲಿನ ಬಾಗಿಲಿನಿಂದ ಬಿದ್ದು ಸತ್ತಿದ್ದ. ಬಾಗಿಲಲ್ಲಿ ನಿಂತು ಗಾಳಿ ತೆಗೆದುಕೊಳ್ಳುವುದು ಬಸಣ್ಣ ಕಾಕಾನ ಹಳೆಯ ಚಟ. ಠಾಣೆಯಿಂದ ಹಿಡಿದ ಸೀಟನ್ನು ಮುಲುಂಡಿನಲ್ಲಿ ಯಾರಿಗಾದರೂ ಕೊಟ್ಟು ತಾವು ಹೋಗಿ ಬಾಗಿಲಲ್ಲಿ ನಿಲ್ಲುವವರು. ಹುಡುಗ ಸತ್ತ ದಿನ ಶಾಂತಕ್ಕ ಒಲೆ ಹಚ್ಚದೆ ಕೂತುಬಿಟ್ಟಳಂತೆ. ಕೊನೆಗೆ ಕಾಕಾ ಮಾದೇವಿಯ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ ಮೇಲೇ ಅಡಿಗೆ ಆದದ್ದು.

"ಸಾಹೇಬ್ರ, ಹೇಳ್ರಿ ಅಕಿಗೆ" ಅಂದರು ಕಾಕಾ. "ನನ್ನ ಮಾತು ನಂಬೂದಿಲ್ಲ ಅಕಿ."

ಅಪ್ಪ ಕೈ ಒರೆಸಿಕೊಂಡು ಗಂಭೀರವಾಗಿ ಹೇಳಿದರು. "ಇಲ್ಲ ಶಾಂತಕ್ಕ. ಮೂರು ತಿಂಗಳಿಂದ ಇವರು ಬಾಗಿಲ ಕಡೆ ತಿರುಗಿ ಕೂಡ ನೋಡಿಲ್ಲ. ಅದಕ್ಕೆ ನಾನು ಸಾಕ್ಷಿ."

ಶಾಂತಕ್ಕ ಮಾದೇವಿಯನ್ನು ಹತ್ತಿರ ಎಳೆದುಕೊಂಡು ಅವಳ ನೆತ್ತಿ ಸವರಿದಳು. "ಹಂಗಾದ್ರ ಛಲೋ ಆತು. ಇದರ ತಲಿ ಮ್ಯಾಲಿನ ಆಣಿ ಅದು" ಅಂದಳು.

ಇಳಿದು ಬರುವಾಗ ಕಾಕಾ ದಸರೆಯ ಪೂಜೆಯ ಮಾತೆತ್ತಿದರು. ಲೋಕಲಿನಲ್ಲಿ ದಿನಾ ಒಂದೇ ಡಬ್ಬಾದಲ್ಲಿ, ಅಂದರೆ ಒಂದೇ ಬೋಗಿಯಲ್ಲಿ, ಹೋಗುವವರದು ಒಂದು ಗುಂಪು ಇರುತ್ತದೆ. ದಸರೆಗೆ ರಜೆ, ಆದ್ದರಿಂದ ಹಿಂದಿನ ದಿನ ಈ ಗುಂಪುಗಳು ತಮ್ಮ ತಮ್ಮ ಡಬ್ಬಾವನ್ನು ಹೂವಿನಿಂದ ಸಿಂಗರಿಸಿ, ದೇವಿಯ ಪಟ ಇಟ್ಟು ಪೂಜೆ ಮಾಡಿ, ಓಡುವ ಗಾಡಿಯಲ್ಲೇ ಪ್ರಸಾದ ಹಂಚುತ್ತವೆ. ಕೆಲವರು ಅವತ್ತು ಮಕ್ಕಳನ್ನೂ ಕರೆತರುತ್ತಾರೆ.

"ಈ ಸಲ ಎರಡೂ ಹುಡುಗೀರನ್ನ ಕರ್ಕೊಂಡ ಹೋಗೂನ್ರಿ" ಅಂದರು ಕಾಕಾ.

"ಗಂಡಸರ ಡಬ್ಬಾ, ಆ ರಶ್ಶಿನಲ್ಲಿ ಮಕ್ಕಳನ್ನೇ?" ಅಮ್ಮ ಒಪ್ಪಲಿಲ್ಲ.

ನಾನು ಮನೆ ಮುಟ್ಟುವವರೆಗೂ ಅಳುತ್ತಲೇ ಬಂದೆ. ನಾನು ಹಟಮಾರಿ. ಒಬ್ಬಳೇ ಮಗಳು, ಕೇಳಿದ್ದು ಸಿಕ್ಕೇ ಸಿಗುತ್ತದೆಂದು ನನಗೆ ಗೊತ್ತಿತ್ತು. ಸಿಕ್ಕಿತು ಕೂಡ.

ಮಾದೇವಿಗೆ ಮಾತ್ರ ಸಿಗಲಿಲ್ಲ. ಅದೇ ದಿನ ಅವಳಿಗೆ ಶಾಲೆಯಲ್ಲಿ ಪರೀಕ್ಷೆ ಬಿತ್ತು. ಹಿಂದಿನ ಸಂಜೆ ಅವರ ಚಾಳಿನ ಗ್ಯಾಲರಿಯಲ್ಲಿ ಕೂತು ನಾವೆಲ್ಲ ಹೂ ಪೋಣಿಸಿದೆವು. ಕಾಕಾ ದಾದರಿನಿಂದ ಗೋಣಿಚೀಲದ ತುಂಬ ಚೆಂಡುಹೂ ತಂದು ಸುರಿದಿದ್ದರು. ಅಮ್ಮ, ಶಾಂತಕ್ಕ ದೊಡ್ಡ ದೊಡ್ಡ ಮಾಲೆ ಮಾಡಿದರು. ಮಾದೇವಿ ಗಣಿತದ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಮಾವಿನೆಲೆ ಜೋಡಿಸಿಕೊಟ್ಟಳು. ನಾನು ಒಂದು ಮಾಲೆ ಪೂರ್ತಿ ನಾನೇ ಕಟ್ಟಿದೆ. ಒಂದು ಹಳದಿ, ಒಂದು ಕೇಸರಿ, ನಡುವೆ ಒಂದು ಮಾವಿನೆಲೆ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು. ಕೈಗೆಲ್ಲ ಹೂವಿನ ಕಹಿ ವಾಸನೆ.

"ನಂದನ್ನ ಎಲ್ಲರಿಗೂ ಕಾಣೋ ಹಾಗೆ ಕಟ್ಟಬೇಕು" ಅಂದೆ.

"ಬಾಗಲಿಗೇ ಕಟ್ಟತೇನಿ ಅವ್ವಿ" ಅಂದರು ಕಾಕಾ.

ಮರುದಿನ ಅಮ್ಮ ನನಗೆ ಹಸಿರು ರೇಷ್ಮೆ ಲಂಗ ಉಡಿಸಿ, ಎರಡು ಜಡೆ ಹಾಕಿ ಕಳಿಸಿದಳು. ಮುಲುಂಡ್ ಪ್ಲಾಟ್‌ಫಾರ್ಮಿಗೆ ಗಾಡಿ ಬಂದಾಗ ನನಗೆ ಗುರುತೇ ಸಿಗಲಿಲ್ಲ. ಕಿಟಕಿ ಕಿಟಕಿಗೂ ಚೆಂಡುಹೂವಿನ ಸರ, ಬಣ್ಣದ ಕಾಗದದ ಪತಾಕೆ, ಬಾಗಿಲ ಬದಿಗೆ ಬಾಳೆಕಂಬ. ಠಾಣೆಯಲ್ಲೇ ಹತ್ತಿದ್ದ ಬಸಣ್ಣ ಕಾಕಾ ನನ್ನನ್ನು ಎರಡೂ ಕೈಯಲ್ಲಿ ಎತ್ತಿ ಒಳಗೆ ತೆಗೆದುಕೊಂಡರು. ಬಿಳಿ ಅಂಗಿ, ಹಣೆಯಲ್ಲಿ ಕುಂಕುಮ. "ನೋಡ, ನಿನ್ನ ಮಾಲಿ ಎಲ್ಲೈತಿ" ಎಂದು ಬಾಗಿಲ ನೆತ್ತಿಗೆ ಕೈ ತೋರಿಸಿದರು. ನನ್ನ ಮಾಲೆ ಅಲ್ಲಿತ್ತು, ಹೊರಗಿನವರಿಗೂ ಒಳಗಿನವರಿಗೂ ಕಾಣುವಂತೆ.

ಒಳಗೆ ಎರಡು ಕಿಟಕಿಗಳ ನಡುವೆ ದೇವಿಯ ಪಟ. ಗುಂಪಿನ ಹಿರಿಯರಾದ ಸಾವಂತ ಕಾಕಾ ಆರತಿ ಎತ್ತಿದರು. ಕೆಲವರು ತಾಳ ಬಾರಿಸುತ್ತ ಮರಾಠಿ ಭಜನೆ ಹಾಡಿದರು. ಕಾಗದದ ದೊನ್ನೆಯಲ್ಲಿ ಬಿಸಿ ಶಿರಾ ಬಂತು, ತುಪ್ಪ ಕಾಗದ ದಾಟಿ ನನ್ನ ಲಂಗಕ್ಕೆ ಅಂಟಿತು. ಅಪ್ಪನ ತೊಡೆಯ ಮೇಲೆ ಕೂತು ನಾನು ಸ್ಟೇಷನ್ನುಗಳನ್ನು ಎಣಿಸಿದೆ. ಭಾಂಡುಪ್, ಕಾಂಜುರ್‌ಮಾರ್ಗ್, ವಿಕ್ರೋಲಿ. ಪ್ರತಿ ಸ್ಟೇಷನ್ನಿನಲ್ಲೂ ಹತ್ತುವವರು ಮೊದಲು ಪಟಕ್ಕೆ ಕೈ ಮುಗಿದು ಆಮೇಲೆ ಜಾಗ ಹುಡುಕುತ್ತಿದ್ದರು. ಅಷ್ಟು ಸಂತೋಷವಾಗಿದ್ದ ಗಂಡಸರನ್ನು ನಾನು ಒಟ್ಟಿಗೆ ಎಲ್ಲೂ ನೋಡಿರಲಿಲ್ಲ.

ಘಾಟ್ಕೋಪರ್ ದಾಟಿದ ಮೇಲೆ ಗಾಡಿ ವೇಗ ಹಿಡಿಯಿತು. ಬಾಗಿಲ ಕಡೆ ನೋಡಿದೆ. ನನ್ನ ಮಾಲೆಯ ಒಂದು ತುದಿ ಕಳಚಿ ಹೊರಗೆ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ಎಸಳುಗಳು ಹಾರಿ ಹೋಗುತ್ತಿದ್ದವು.

"ಕಾಕಾ, ನನ್ನ ಮಾಲೆ ಬಿಚ್ಚಿಹೋಯ್ತು!"

"ಸ್ಟೇಷನ್ ಬರಲಿ ಪುಟ್ಟಿ, ಆಗ ಕಟ್ಟೋಣ" ಅಂದರು ಅಪ್ಪ.

"ಈಗಲೇ ಕಟ್ಟಬೇಕು. ಎಲ್ಲಾ ಉದುರಿಹೋಗ್ತಿದೆ." ನಾನು ಅಳಲು ಶುರುಮಾಡಿದೆ. ಅಪ್ಪನ ತೊಡೆಯ ಮೇಲೆ ಕಾಲು ಬಡಿದೆ.

"ಅಳಬ್ಯಾಡ ಅವ್ವಿ. ಹಬ್ಬದ ದಿನ ಅಳತಾರೇನು? ಈಗ ಕಟ್ಟತೇನಿ" ಎಂದು ಕಾಕಾ ಎದ್ದರು.

"ಬೇಡ ಬಸಣ್ಣ, ಬಿಡಿ ಅದನ್ನ" ಎಂದು ಅಪ್ಪ ಅವರ ಅಂಗಿಯ ತುದಿ ಹಿಡಿದದ್ದು ನನಗೆ ನೆನಪಿದೆ.

"ಎರಡ ನಿಮಿಷದ ಕೆಲಸ ಸಾಹೇಬ್ರ" ಎಂದು ಕಾಕಾ ಬಾಗಿಲಿಗೆ ಹೋದರು. ಎಡಗೈಯಲ್ಲಿ ನಡುವಿನ ಕಂಬಿ ಹಿಡಿದು, ಹೊರಗೆ ಬಗ್ಗಿ, ಬಲಗೈಯನ್ನು ಮಾಲೆಯ ತುದಿಗೆ ಚಾಚಿದರು. ತುದಿ ಸಿಕ್ಕಿತು. ನನ್ನ ಕಡೆ ತಿರುಗಿ ನಕ್ಕರು.

ಆಮೇಲೆ ಅವರು ಅಲ್ಲಿರಲಿಲ್ಲ.

ಹಳಿಯ ಪಕ್ಕದ ಕಂಬ ತಾಗಿತಂತೆ. ನನಗೆ ಸದ್ದು ಕೇಳಿಸಲಿಲ್ಲ. ತಾಳ ಬಾರಿಸುತ್ತಲೇ ಇದ್ದರು. ಬಾಗಿಲಲ್ಲಿದ್ದವನೊಬ್ಬ "ಗಿರಾ! ಗಿರಾ!" ಬಿದ್ದ, ಬಿದ್ದ ಎಂದು ಕೂಗಿದ ಮೇಲೆ ಒಂದೊಂದೇ ತಾಳ ನಿಂತಿತು. ಯಾರೋ ಚೈನು ಎಳೆದರು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಅಪ್ಪ ನನ್ನನ್ನು ಸಾವಂತ ಕಾಕಾನ ಕೈಗೆ ಕೊಟ್ಟು ಕೆಳಗೆ ಧುಮುಕಿ ಹಿಂದಕ್ಕೆ ಓಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಸಾವಂತ ಕಾಕಾ ನನ್ನ ಮುಖವನ್ನು ತಮ್ಮ ಎದೆಗೆ ಒತ್ತಿಕೊಂಡು "ತಿಕಡೆ ಬಘೂ ನಕೋ ಬಾಳ, ಬಘೂ ನಕೋ" ಅಂದರು. ಆ ಕಡೆ ನೋಡಬೇಡ ಮಗೂ. ಅವರ ಅಂಗಿಯಲ್ಲಿ ಕರ್ಪೂರದ ವಾಸನೆ ಇತ್ತು.

ಸ್ವಲ್ಪ ಹೊತ್ತಿಗೆ ಗಾಡಿ ಮತ್ತೆ ಹೊರಟಿತು. ಇಬ್ಬರು ಎದ್ದು ಕಿಟಕಿಯ ಸರಗಳನ್ನು ಬಿಚ್ಚತೊಡಗಿದರು. ಆಮೇಲೆ ಎಲ್ಲರೂ ಬಿಚ್ಚಿದರು. ಮುಂದಿನ ಸ್ಟೇಷನ್ನಿನಲ್ಲಿ ಸಾವಂತ ಕಾಕಾ ನನ್ನನ್ನು ಇಳಿಸಿಕೊಂಡು ಒಂದು ಬೆಂಚಿನ ಮೇಲೆ ಕೂರಿಸಿದರು. ಅವರಿಗೂ ಆಫೀಸಿತ್ತು. ಅವರು ಹೋಗಲಿಲ್ಲ. ಬಿಸ್ಕತ್ತು ಕೊಡಿಸಿದರು, ನಾನು ತಿಂದೆ. ತಿಂದೆನಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅಪ್ಪ ಬಂದಾಗ ಮಧ್ಯಾಹ್ನವಾಗಿತ್ತು. ಅಂಗಿಯ ಮುಂಭಾಗವನ್ನೆಲ್ಲ ನಲ್ಲಿಯ ನೀರಲ್ಲಿ ತೊಳೆದುಕೊಂಡಿದ್ದರು. ಆದರೂ ಕಂದು ಬಣ್ಣ ಉಳಿದಿತ್ತು. ಅವರು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ನನ್ನ ಎರಡೂ ಭುಜ ಹಿಡಿದರು.

"ಪುಟ್ಟಿ, ನೀನು ಕಾಕಂಗೆ ಏನೂ ಹೇಳಲಿಲ್ಲ. ಮಾಲೆ ಕಟ್ಟು ಅನ್ನಲಿಲ್ಲ. ತಿಳೀತಾ?"

"ಅಂದೆನಲ್ಲಪ್ಪ."

"ಇಲ್ಲ. ಅನ್ನಲಿಲ್ಲ. ಯಾರು ಕೇಳಿದರೂ ನಿದ್ದೆ ಮಾಡ್ತಿದ್ದೆ ಅನ್ನು." ಅಷ್ಟು ಬಿಗಿಯಾಗಿ ಅವರು ನನ್ನನ್ನು ಹಿಡಿದದ್ದು ಅದೇ ಮೊದಲು.

ಅಲ್ಲಿಂದ ನೇರ ಚಾಳಿಗೇ ಹೋದೆವು. ಸುದ್ದಿ ಮೊದಲೇ ತಲುಪಿತ್ತು. ಗ್ಯಾಲರಿ ತುಂಬ ಜನ. ಹಿಂದಿನ ಸಂಜೆಯ ಹೂವಿನ ತೊಟ್ಟುಗಳು ಮೂಲೆಯಲ್ಲಿ ಗುಡಿಸಿಟ್ಟ ಹಾಗೇ ಇದ್ದವು. ಶಾಂತಕ್ಕ ನೆಲದ ಮೇಲೆ ಕೂತಿದ್ದಳು. ಅಪ್ಪನನ್ನು ನೋಡಿದವಳೇ ಒಂದೇ ಮಾತು ಕೇಳಿದಳು.

"ಅಣ್ಣಾರ, ಬಾಗಲಾಗ ನಿಂತಿದ್ರೇನು?"

ನಾನು ಅವರ ಕೈ ಹಿಡಿದುಕೊಂಡಿದ್ದೆ.

"ಹೂಂ ಶಾಂತಕ್ಕ. ಬಾಗಿಲಲ್ಲಿ ನಿಂತಿದ್ದರು. ರಶ್ ಇತ್ತು. ಕೈ ಜಾರಿತು."

ಆಗ ಅವಳು ಅತ್ತಳು. ಅಳುತ್ತ ಅಳುತ್ತ ಸತ್ತ ಗಂಡನನ್ನು ಬೈದಳು. "ಮಗಳ ತಲಿ ಮ್ಯಾಲ ಆಣಿ ಮಾಡಿ ಮತ್ತ ಹೋಗಿ ನಿಂತ್ಯಲ್ಲೋ! ಮಗಳಿಗಿಂತ ಆ ಗಾಳೀನ ಹೆಚ್ಚಾತೇನೋ ನಿನಗ!" ಪರೀಕ್ಷೆ ಮುಗಿಸಿ ಬಂದ ಮಾದೇವಿ ಶಾಲೆಯ ಚೀಲ ಹೆಗಲಲ್ಲಿ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ತನ್ನ ತಲೆಯನ್ನು ಒಂದು ಕೈಯಿಂದ ಮುಟ್ಟಿಕೊಳ್ಳುತ್ತಿದ್ದಳು.

ಮರುದಿನ ದಸರೆ. ಬಿಲ್ಡಿಂಗಿನವರು ಒಬ್ಬರಿಗೊಬ್ಬರು ಬಂಗಾರವೆಂದು ಬನ್ನಿ ಎಲೆ ಕೊಟ್ಟು ಹಬ್ಬ ಮಾಡಿದರು. ಅಮ್ಮ ಗೊಂಬೆಗಳನ್ನು ಮಲಗಿಸಿ ಟ್ರಂಕಿಗೆ ತುಂಬುತ್ತ ಅಪ್ಪನಿಗೆ ಹೇಳಿದಳು. ನಾನು ಮೂಲೆಯ ಅಡಿಗೆ ಕಟ್ಟೆಯ ಹತ್ತಿರ ಇದ್ದೆ.

"ಶಾಂತಕ್ಕಂಗೆ ನಿಜ ಹೇಳಿಬಿಡಿ. ಪಾಪ, ಬಸಣ್ಣನವರನ್ನ ಮಾತು ತಪ್ಪಿದೋರು ಅಂತ ಬೈತಿದಾಳೆ. ಕೇಳೋಕಾಗಲ್ಲ."

"ಹೇಳಿದರೆ? ನಾಳೆಯಿಂದ ನಮ್ಮ ಮಗೂನ ನೋಡಿದಾಗಲೆಲ್ಲ ಅವಳಿಗೆ ಏನು ನೆನಪಾಗುತ್ತೆ ಹೇಳು? ಇಡೀ ಚಾಳಿಗೆ ಗೊತ್ತಾಗುತ್ತೆ. ಒಂಬತ್ತು ವರ್ಷದ ಕೂಸು ಕಣೇ. ಅದರ ತಲೆ ಮೇಲೆ ಹೊರಿಸಲಾ?"

"ಮಾದೇವೀನೂ ಒಂಬತ್ತು ವರ್ಷದ ಕೂಸೇ" ಅಂದಳು ಅಮ್ಮ.

ಅಪ್ಪ ಎದ್ದು ಹೊರಗೆ ಹೋದರು.

ದೀಪಾವಳಿ ಹತ್ತಿರ ಬಂತು. ಬಿಲ್ಡಿಂಗಿನ ಹುಡುಗರು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟಿ, ಮೇಲೆ ರಾಗಿ ಚೆಲ್ಲಿ ಹಸಿರು ಬರಿಸಿದ್ದರು. ನಾನು ಕೆಳಗಿಳಿಯಲಿಲ್ಲ. ಶಾಂತಕ್ಕನ ಅಣ್ಣ ಊರಿನಿಂದ ಬಂದು ಅವರನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಯಿತು. ಹೊರಡುವ ಹಿಂದಿನ ದಿನ ಅಮ್ಮ ದಾರಿಗೆಂದು ಚಪಾತಿ ಮಾಡಿ ನನ್ನ ಕೈಲಿ ಕಳಿಸಿದಳು.

ಮಾದೇವಿ ಗ್ಯಾಲರಿಯಲ್ಲಿ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಚಪಾತಿಯ ಗಂಟು ಕೆಳಗಿಟ್ಟು ನಾನು ಅವಳ ಪಕ್ಕ ಕೂತೆ.

"ಆಣಿ ಮುರದ್ರ, ಯಾರ ತಲಿ ಮ್ಯಾಲ ಕೈ ಇಟ್ಟಿರತಾರಲ್ಲ, ಅವರು ಸಾಯ್ತಾರಂತ" ಅಂದಳು ಮಾದೇವಿ. "ಅಪ್ಪಗ ಅದು ಗೊತ್ತಿತ್ತು. ನಾನ ಕೇಳಿದ್ದೆ, ಅವನ ಹೇಳಿದ್ದ."

ನಾನು ಒಂದು ಬಟ್ಟಲು ತೆಗೆದು ಅವಳ ಕೈಗೆ ಕೊಟ್ಟೆ.

"ಗೊತ್ತಿದ್ದೂ ನಿಂತ. ನಾ ಸತ್ರ ಅವಗೇನೂ ಅನ್ನಸ್ತಿದ್ದಿಲ್ಲ ಕಾಣಸ್ತದ." ಅವಳು ಒಂದು ಲೋಟವನ್ನು ಪೇಪರಿನಲ್ಲಿ ಸುತ್ತುತ್ತ ಕೇಳಿದಳು. "ನೀ ಅಲ್ಲೇ ಇದ್ದೆಲ್ಲ? ನೀ ನೋಡೀ ಏನು?"

ಇವತ್ತಿಗೂ ಆ ಕ್ಷಣ ನನ್ನೆದುರು ನಿಲ್ಲುತ್ತದೆ. ಒಂದು ವಾಕ್ಯ ಸಾಕಿತ್ತು. ನನಗೋಸ್ಕರ ಹೋದರು, ನಾನು ಅತ್ತೆ ಅಂತ ಹೋದರು, ನಿಮ್ಮಪ್ಪ ಆಣೆ ಮರೆತಿರಲಿಲ್ಲ. ಬಾಯಿಯ ತುದಿಗೆ ಬಂದಿತ್ತು. ಅಪ್ಪನ ಕೈಗಳು ಭುಜದ ಮೇಲಿದ್ದಂತೆ ಅನ್ನಿಸಿತು. ಅಪ್ಪನ ಹೆದರಿಕೆ ಅಷ್ಟೇ ಅಲ್ಲ. ಗೊತ್ತಾದರೆ ಮಾದೇವಿ ಮತ್ತೆಂದೂ ನನ್ನ ಪಕ್ಕದಲ್ಲಿ ಹೀಗೆ ಜಾಗ ಮಾಡಿ ಕೂರಿಸಲಾರಳೆಂಬ ಹೆದರಿಕೆ ನನ್ನದೇ ಆಗಿತ್ತು.

"ನಾನು ನಿದ್ದೆ ಮಾಡ್ತಿದ್ದೆ" ಅಂದೆ.

ಅವಳು ತಲೆಯಾಡಿಸಿ ಇನ್ನೊಂದು ಲೋಟ ತೆಗೆದುಕೊಂಡಳು.

ಅವರು ಹೋದರು. ಅಪ್ಪ ಆ ಗಾಡಿ ಬಿಟ್ಟು ಅದರ ಹಿಂದಿನ ಗಾಡಿಗೆ ಹೋಗತೊಡಗಿದರು. ಸೀಟು ಹಿಡಿಯುವವರಿಲ್ಲ, ನಿವೃತ್ತರಾಗುವವರೆಗೂ ನಿಂತೇ ಹೋದರು. ಭಾನುವಾರ ಯಾವ ಊರು, ಯಾವ ಬೆಟ್ಟ, ಯಾವ ಕೆರೆಗೂ ನಾವು ಹೋಗಲಿಲ್ಲ. ಅಮ್ಮ ಕೇಳುತ್ತಲೂ ಇರಲಿಲ್ಲ. ಪ್ರತಿ ದೀಪಾವಳಿಗೆ ಅವಳು ಶಾಂತಕ್ಕನ ಅಣ್ಣನ ವಿಳಾಸಕ್ಕೆ ಒಂದು ಕಾಗದ ಬರೆಯುತ್ತಿದ್ದಳು. ಮೊದಲ ಎರಡು ವರ್ಷ ಉತ್ತರ ಬಂತು, ಆಮೇಲೆ ಬರಲಿಲ್ಲ. ಅಪ್ಪ ಮತ್ತು ನಾನು ಆ ಬೆಳಗಿನ ಬಗ್ಗೆ ಮುಂದೆಂದೂ ಒಂದು ಮಾತು ಆಡಲಿಲ್ಲ. ಅವರು ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳಲ್ಲಿ ಒಮ್ಮೆ, "ನಾನು ಸಾಕ್ಷಿ ಅಂತ ಹೇಳಿದ್ದೆ ಕಣೆ" ಅಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಅಪ್ಪ ಹೋಗಿ ಎರಡು ವರ್ಷವಾಯಿತು. ಹೋದ ನವರಾತ್ರಿಯಲ್ಲಿ ಅಮ್ಮ, "ಈಗ ಯಾರಿಗೆ ಹೆದರಬೇಕು? ಈಗಲಾದರೂ ಹೇಳಿಬಿಡು" ಅಂದಳು. ಹಳೆಯ ಚಾಳು ಈಗ ಇಲ್ಲ, ಅಲ್ಲಿ ಇಪ್ಪತ್ತೆರಡು ಮಹಡಿಯ ಟವರು ಇದೆ. ಅಲ್ಲಿದ್ದವರ ಪೈಕಿ ಒಬ್ಬರು ಸಿಕ್ಕಿ, ಅವರಿಂದ ಊರಿನವರ ನಂಬರು ಸಿಕ್ಕಿ, ಅವರಿಂದ ಮಾದೇವಿಯ ನಂಬರು ಸಿಕ್ಕಿತು. ಅವಳು ಅಂಗನವಾಡಿಯಲ್ಲಿ ಟೀಚರು. ಫೋನ್ ಎತ್ತಿದಾಗ ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಎಷ್ಟು ಖುಷಿಯಿಂದ ಮಾತಾಡಿದಳೆಂದರೆ, ಹೇಳದೆ ಇಟ್ಟುಬಿಡೋಣ ಅನ್ನಿಸಿತು.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ಏನೂ ಬಿಡದೆ. ನಿದ್ದೆ ಮಾಡ್ತಿದ್ದೆ ಅಂದದ್ದು ಸುಳ್ಳು ಎಂಬುದನ್ನೂ.

ಅವಳು ಎದ್ದು ಹೊರಗೆ ಬಂದಿರಬೇಕು, ಮಕ್ಕಳ ಸದ್ದು ನಿಂತಿತು. ಲೈನು ಕಡಿಯಿತೇನೋ ಅಂದುಕೊಂಡೆ.

"ಅವ್ವ ಸತ್ತು ಆರ ವರ್ಷ ಆತು" ಅಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕಿ ಕಡೀತನಕಾ ಅಪ್ಪನ ಫೋಟೋ ಗ್ವಾಡಿಗೆ ಹಾಕಗೊಡಲಿಲ್ಲ. ಮಾತಿಗೆ ತಪ್ಪಿದಾಂವ ನನ್ನ ಮನ್ಯಾಗ ಬ್ಯಾಡ ಅಂತಿದ್ಲು."

"ಮಾದೇವಿ, ನಾನು..."

"ಅಕಿ ಇದ್ದಾಗ ಹೇಳಬೇಕಿತ್ತು. ನನಗ ಹೇಳಿ ಏನ ಮಾಡ್ತಿ ಈಗ?"

ಉತ್ತರಕ್ಕೆ ಕಾಯದೆ ಅವಳು ಫೋನ್ ಇಟ್ಟಳು. ಆಮೇಲೆ ನಾಲ್ಕಾರು ಸಲ ಮಾಡಿದೆ. ಎತ್ತಲಿಲ್ಲ.

ಈಗ ಬಾಗಿಲು ಮುಚ್ಚಿಕೊಳ್ಳುವ ಏಸಿ ಲೋಕಲುಗಳು ಬಂದಿವೆ. ಹಳೆಯ ಡಬ್ಬಾಗಳಲ್ಲಿ ಇನ್ನೂ ಪೂಜೆ ನಡೆಯುತ್ತದೆ, ಕೆಲವರು ಫೋನೆತ್ತಿ ವಿಡಿಯೋ ಮಾಡುತ್ತಾರೆ. ಕಾನ್ಹೇರಿಗೆ ನನ್ನ ಮಗನನ್ನು ಶಾಲೆಯವರು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದರು. ಕೋತಿಗಳ ಕಥೆ ಹೇಳಿದ. ಅಕ್ಟೋಬರ್ ಬರುತ್ತದೆ, ಬೆಟ್ಟಗಳು ಹಸಿರಾಗಿರುತ್ತವೆ, ನಮ್ಮ ಕಾಲದಲ್ಲಿದ್ದದ್ದು ಬಹುಪಾಲು ಇನ್ನೂ ಇದೆ. ಅಪ್ಪ ಕೆಟ್ಟವರಲ್ಲ. ಮಗಳನ್ನು ಉಳಿಸಿಕೊಳ್ಳಬೇಕೆಂದರು, ಉಳಿಸಿಕೊಂಡರು. ಅದಕ್ಕೆ ಇನ್ನೊಬ್ಬಳು ಹುಡುಗಿ ತನ್ನಪ್ಪನನ್ನು ಎರಡನೆಯ ಸಲ ಕಳೆದುಕೊಂಡಳು. ಒಬ್ಬ ಹೆಂಗಸು ತಾನು ಸಾಯುವವರೆಗೂ, ಯಾವ ತಪ್ಪನ್ನೂ ಮಾಡದ ಗಂಡನ ಮೇಲೆ ಸಿಟ್ಟಿನಲ್ಲೇ ಬದುಕಿದಳು. ಆ ವರ್ಷಗಳನ್ನು ಮರಳಿ ಕೊಡಲು ನನ್ನ ಬಳಿ ಏನೂ ಇಲ್ಲ.